ಇಡ್ಲಿ ಹಬೆಯಲ್ಲಿ ಬೆಂದ ಮೇಲೆ

ಕರುಳಿನ ಬ್ಯಾಕ್ಟೀರಿಯಾಗಳ ಸಲುವಾಗಿ ಊಟದಲ್ಲಿ ಕಾಳು, ಸೊಪ್ಪು, ರಾಗಿ ಹೆಚ್ಚಿಸಿ ಎಂದರೆ ಸಾಕು, ತಕರಾರು ಶುರು.

"ಜಠರದ ಆಮ್ಲ ಎಲ್ಲವನ್ನೂ ಸಾಯಿಸುತ್ತೆ, ಏನು ತಿಂದರೇನು?" ಅನ್ನುತ್ತಾರೆ. ನಾನು ಹೇಳುತ್ತಿರುವುದು ಒಳಗೆ ಆಗಲೇ ನೆಲೆಸಿರುವವುಗಳ ಮೇವಿನ ವಿಚಾರ. ಕಾಳು, ಸೊಪ್ಪು, ರಾಗಿಯಲ್ಲಿನ ನಾರು ನಮಗೆ ಜೀರ್ಣವಾಗದೆ ದೊಡ್ಡಕರುಳಿಗೆ ಇಳಿಯುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಎಂಬ ವಸ್ತುವನ್ನು ತಯಾರಿಸುತ್ತವೆ. ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ. 2014ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಮೆರಿಕದ ಪ್ರಯೋಗವೊಂದರಲ್ಲಿ ಸ್ವಯಂಸೇವಕರು 5 ದಿನ ಮಾಂಸ, ಮೊಟ್ಟೆ, ಚೀಸ್ ಮೇಲೇ ಇದ್ದರು. ಅಷ್ಟರಲ್ಲೇ ಪಿತ್ತರಸ ತಾಳಿಕೊಳ್ಳುವ ಬ್ಯಾಕ್ಟೀರಿಯಾಗಳು ಹೆಚ್ಚಿ, ಸಸ್ಯದ ನಾರು ಒಡೆಯುವಂಥವು ಕುಗ್ಗಿದ್ದವು.

"ಇಡ್ಲಿ ತಿನ್ನುವ ನಮಗೆ ಈ ಪಾಠ ಬೇಕೆ?" ಎಂಬುದು ಅಭಿಮಾನದ ಮಾತು. ಉದ್ದು-ಅಕ್ಕಿಯ ಹಿಟ್ಟು ರಾತ್ರಿ ಕಳೆದು ಉಬ್ಬುವುದು ಲ್ಯುಕೊನೊಸ್ಟಾಕ್‌ನಂಥ ಬ್ಯಾಕ್ಟೀರಿಯಾಗಳಿಂದ, ನಿಜ. ಆದರೆ ಇಡ್ಲಿ ಪಾತ್ರೆಯ ಹಬೆಯಲ್ಲಿ ಅವು ಉಳಿಯುವುದಿಲ್ಲ. ಹುದುಗಿದ್ದರಿಂದ ಇಡ್ಲಿ ಸುಲಭವಾಗಿ ಅರಗುತ್ತದೆ, ಆ ಲಾಭ ಎಲ್ಲೂ ಹೋಗದು. ಜೀವಂತ ಬ್ಯಾಕ್ಟೀರಿಯಾ ಬೇಕಿದ್ದರೆ ಮಾತ್ರ ಒಲೆಗೇರದ ಮೊಸರು, ಮಜ್ಜಿಗೆಯ ಕಡೆ ನೋಡಬೇಕು. ಕುದಿಸಿದ ಮಜ್ಜಿಗೆಹುಳಿಯೂ ಲೆಕ್ಕಕ್ಕಿಲ್ಲ. (ಅದನ್ನು ಬಿಡಿ ಎಂದು ನಾನಂತೂ ಹೇಳಲಾರೆ.)

ಜೀವಂತ ಬ್ಯಾಕ್ಟೀರಿಯಾಗಳನ್ನು ಪ್ರೊಬಯೋಟಿಕ್ ಕ್ಯಾಪ್ಸೂಲಿನಲ್ಲೇ ನುಂಗಿದರಾಯಿತು ಎನ್ನುವವರಿಗೆ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ 2018ರ ಅಧ್ಯಯನವನ್ನು ತೋರಿಸಿದರೆ ಸಾಕು. ಆ್ಯಂಟಿಬಯೋಟಿಕ್ ಮುಗಿಸಿ ಪ್ರೊಬಯೋಟಿಕ್ ನುಂಗಿದವರಲ್ಲಿ ಮೂಲ ಬ್ಯಾಕ್ಟೀರಿಯಾಗಳು ಮರಳಿದ್ದು, ಏನೂ ನುಂಗದವರಿಗಿಂತ ತಡವಾಗಿ.

ತೂಕವುಳ್ಳ ಆಕ್ಷೇಪ ಒಂದೇ: ಸ್ಟ್ಯಾನ್‌ಫರ್ಡ್‌ನ 2021ರ ಪ್ರಯೋಗ. 36 ಆರೋಗ್ಯವಂತರಲ್ಲಿ ಮೊಸರು, ಕಿಮ್ಚಿಯಂಥ ಹುದುಗಿದ ಆಹಾರ ಹೆಚ್ಚು ತಿಂದವರ ಕರುಳಲ್ಲಿ ಬ್ಯಾಕ್ಟೀರಿಯಾ ವೈವಿಧ್ಯ ಹೆಚ್ಚಿತು, ಉರಿಯೂತದ ಸೂಚಕಗಳು ಇಳಿದವು. ನಾರು ಹೆಚ್ಚು ತಿಂದವರಲ್ಲಿ ವೈವಿಧ್ಯ ಏರಲಿಲ್ಲ. ಒಪ್ಪಿದೆ. ಆದರೆ ಅದೇ ವರದಿಯಲ್ಲಿ, ನಾರು ತಿಂದವರ ಬ್ಯಾಕ್ಟೀರಿಯಾಗಳಿಗೆ ನಾರು ಒಡೆಯುವ ಶಕ್ತಿ ಹೆಚ್ಚಿತ್ತು ಎಂದೂ ಇದೆ. ನಾರು ದಂಡ ಎನ್ನುವವರು ಆ ಸಾಲನ್ನು ಹಾರಿಸಿಯೇ ಓದುತ್ತಾರೆ. ಪ್ರಯೋಗವಾದರೂ ಕೆಲವೇ ವಾರಗಳದ್ದು.

ಇನ್ನು "ಕಾಳು ತಿಂದರೆ ಗ್ಯಾಸ್" ಅನ್ನುವವರು ಸುಳ್ಳೇನೂ ಹೇಳುತ್ತಿಲ್ಲ. ಆ ಗ್ಯಾಸ್ ಹುಟ್ಟುವುದೇ ದೊಡ್ಡಕರುಳಿನ ಹುದುಗುವಿಕೆಯಿಂದ. ಅದನ್ನು ತಗ್ಗಿಸಲು ಕಾಳು ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಲ್ಲಿ ಬೇಯಿಸಿ. ಒಂದೇ ಸಲ ಬಟ್ಟಲುಗಟ್ಟಲೆ ತಿನ್ನದೆ ವಾರದಿಂದ ವಾರಕ್ಕೆ ಹೆಚ್ಚಿಸಿ. ಕರುಳಿನ ಕಾಯಿಲೆ ಇದ್ದವರು ಮಾತ್ರ ಮೊದಲು ವೈದ್ಯರನ್ನು ಕೇಳಬೇಕು.