ಜತ್ತದ ಠರಾವಿಗೆ ಉತ್ತರ ಬಂದಿಲ್ಲ

2012ರ ಬರಗಾಲದಲ್ಲಿ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನ ನಲವತ್ತರಷ್ಟು ಹಳ್ಳಿಗಳು ಪಂಚಾಯತಿಯಲ್ಲಿ ಕೂತು ಒಂದು ಠರಾವು ಮಾಡಿದವು. ನೀರು ಕೊಡುವುದು ಮಹಾರಾಷ್ಟ್ರ ಸರ್ಕಾರದಿಂದ ಆಗದಿದ್ದರೆ ನಮ್ಮನ್ನು ಕರ್ನಾಟಕಕ್ಕೆ ಸೇರಿಸಿಬಿಡಿ ಎಂಬುದು ಅದರ ತಾತ್ಪರ್ಯ. ಅದೇ ವರ್ಷ ನವೆಂಬರ್ 29ರಂದು ನ್ಯೂಯಾರ್ಕಿನಲ್ಲೂ ಒಂದು ಠರಾವು ಪಾಸಾಯಿತು. ವಿಶ್ವಸಂಸ್ಥೆಯ ಮಹಾಸಭೆ ಪ್ಯಾಲೆಸ್ಟೀನಿಗೆ ಸದಸ್ಯತ್ವವಿಲ್ಲದ ವೀಕ್ಷಕ ರಾಷ್ಟ್ರದ ಸ್ಥಾನ ಕೊಟ್ಟಿತು. ಪರವಾಗಿ 138 ಮತ, ವಿರುದ್ಧ 9, ತಟಸ್ಥ 41. ಭಾರತದ ಮತ ಪರವಾಗಿತ್ತು. ಒಂದು ದಶಕ ದಾಟಿದರೂ ಎರಡೂ ಠರಾವುಗಳು ಕಡತದಲ್ಲಿವೆ.

ಹೀಗೆ ಒಂದೇ ಉಸಿರಿನಲ್ಲಿ ಎರಡನ್ನೂ ಹೇಳಿದ ಕೂಡಲೇ ಒಂದು ಮಾತು ಸ್ಪಷ್ಟಪಡಿಸಬೇಕು. ಜತ್ತ ಗಾಜಾ ಅಲ್ಲ. ಜತ್ತದ ಉಮದಿಯ ರೈತ ವಿಜಯಪುರದ ಮಾರುಕಟ್ಟೆಗೆ ಹೋಗಲು ಯಾವ ಸೈನಿಕನಿಗೂ ಚೀಟಿ ತೋರಿಸಬೇಕಿಲ್ಲ. ಆತನಿಗೆ ಮತವಿದೆ, ಶಾಸಕನಿದ್ದಾನೆ, ಸಂಸದನಿದ್ದಾನೆ, ಎರಡೂ ಕಡೆ ಒಂದೇ ಸಂವಿಧಾನವಿದೆ. ಇಸ್ರೇಲಿನಲ್ಲಿ 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1200 ಜನ ಸತ್ತರು. ಆಮೇಲಿನ ಎರಡು ವರ್ಷಗಳ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರು 60 ಸಾವಿರಕ್ಕೂ ಹೆಚ್ಚು ಎಂದು ಅಲ್ಲಿನ ಆರೋಗ್ಯ ಇಲಾಖೆ ಹೇಳುತ್ತದೆ. ನಮ್ಮ ಗಡಿ ತಕರಾರನ್ನು ಅದರ ಪಕ್ಕ ಇಟ್ಟು ತೂಗುವುದು ಸತ್ತವರಿಗೆ ಮಾಡುವ ಅಪಚಾರ. ಆದರೂ ಒಂದು ಸಂಗತಿಯನ್ನು ಅಲ್ಲಿಂದ ಕಲಿಯಲು ಅಡ್ಡಿಯಿಲ್ಲ. ಮಾತುಕತೆ ನಿಂತುಹೋದರೂ ತಕರಾರು ಮಾತ್ರ ಸುಖವಾಗಿ ಬಾಳುವುದು ಹೇಗೆ, ಅದರಿಂದ ಯಾರ ಹೊಟ್ಟೆ ತುಂಬುತ್ತದೆ ಎಂಬುದೇ ಆ ಸಂಗತಿ.

ಅಲ್ಲಿ ನಡೆದದ್ದಿಷ್ಟು. 1993ರ ಸೆಪ್ಟೆಂಬರ್ 13ರಂದು ವಾಷಿಂಗ್ಟನ್‌ನಲ್ಲಿ ಇಸ್ರೇಲಿನ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ಟೀನಿಯರ ನಾಯಕ ಅರಾಫತ್ ಕೈಕುಲುಕಿದರು. ಐದು ವರ್ಷ ಮಧ್ಯಂತರ ವ್ಯವಸ್ಥೆ, ಆಮೇಲೆ ಅಂತಿಮ ತೀರ್ಮಾನ ಎಂದು ಮಾತಾಯಿತು. 1995ರ ಎರಡನೆಯ ಒಪ್ಪಂದ ಪಶ್ಚಿಮ ದಂಡೆಯನ್ನು ಎ, ಬಿ, ಸಿ ಎಂದು ಮೂರು ಪಾಲು ಮಾಡಿತು. ಸುಮಾರು ಶೇ 60ರಷ್ಟು ನೆಲವಿರುವ ಸಿ ಪಾಲು ಇಸ್ರೇಲಿನ ಹಿಡಿತದಲ್ಲೇ ಉಳಿಯಿತು. ಪ್ಯಾಲೆಸ್ಟೀನಿಯರಿಗೆ ನೀರಿನ ಹಕ್ಕಿದೆ ಎಂದು ಅದೇ ಒಪ್ಪಂದ ಒಪ್ಪಿಕೊಂಡು, ಎಷ್ಟು ಎಂಬುದನ್ನು ಅಂತಿಮ ಮಾತುಕತೆಗೆ ಬಿಟ್ಟಿತು. ಗಡಿ, ಜೆರುಸಲೇಂ, ನಿರಾಶ್ರಿತರು, ವಸಾಹತುಗಳು ಕೂಡ ಅದೇ ‘ಆಮೇಲೆ’ಯ ಚೀಲಕ್ಕೆ ಹೋದವು. 2000ದ ಕ್ಯಾಂಪ್ ಡೇವಿಡ್ ಮಾತುಕತೆ ಮುರಿಯಿತು, 2014ರ ಏಪ್ರಿಲ್‌ನಲ್ಲಿ ಅಮೆರಿಕದ ಜಾನ್ ಕೆರಿಯವರ ಯತ್ನವೂ ಮುಗಿಯಿತು. ಅಂತಿಮ ಮಾತುಕತೆ ಬರಲೇ ಇಲ್ಲ, ಮಧ್ಯಂತರವೇ ಮೂವತ್ತು ವರ್ಷ ಆಳಿತು. 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಫ್ರಾನ್ಸ್ ಪ್ಯಾಲೆಸ್ಟೀನನ್ನು ರಾಷ್ಟ್ರವೆಂದು ಒಪ್ಪಿದವು. ಭಾರತ ಆ ಕೆಲಸವನ್ನು 1988ರಲ್ಲೇ ಮಾಡಿತ್ತು. ಒಪ್ಪಿದವರ ಪಟ್ಟಿ ಬೆಳೆದಂತೆಲ್ಲ ಒಪ್ಪಿಸಿಕೊಂಡ ನೆಲ ಕರಗಿದೆ.

ಈಗ ಜತ್ತಕ್ಕೆ ಬರೋಣ. ಇಲ್ಲಿಯೂ ಗಂಟು ಬಿದ್ದದ್ದು ನಾವು ಸಾಮಾನ್ಯವಾಗಿ ಹೇಳುವಂತೆ 1956ರ ರಾಜ್ಯ ಪುನರ್ವಿಂಗಡಣೆಯಲ್ಲಲ್ಲ. ಜತ್ತ ಹಿಂದೆ ಡಫಳೆ ಮನೆತನದ ಸಂಸ್ಥಾನ, ಆದಿಲಶಾಹಿ ಕಾಲದ ಜಹಗೀರು. ಬ್ರಿಟಿಷರು ಜತ್ತ ಮತ್ತು ಡಫಳಾಪುರಗಳನ್ನು ‘ಬಿಜಾಪುರ ಏಜೆನ್ಸಿ’ ಎಂದು ಕರೆದು ಬಿಜಾಪುರದ ಕಲೆಕ್ಟರ ಕೈಕೆಳಗೆ ಇಟ್ಟಿದ್ದ ಕಾಲವೂ ಇತ್ತು. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಮರುವರ್ಷ ಸಾತಾರವನ್ನು ಒಡೆದು ದಕ್ಷಿಣ ಸಾತಾರ ಎಂಬ ಹೊಸ ಜಿಲ್ಲೆ ಮಾಡಿದಾಗ ಜತ್ತವನ್ನು ಅದಕ್ಕೆ ಹಚ್ಚಿದರು. 1960ರಲ್ಲಿ ಅದಕ್ಕೆ ಸಾಂಗ್ಲಿ ಎಂದು ಹೆಸರಾಯಿತು. ಒಂದೇ ಪ್ರಾಂತದೊಳಗಿನ ಆಡಳಿತದ ಗೆರೆ ಅದು, ಆಗ ಯಾರೂ ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಆದರೆ ಫಜಲ್ ಅಲಿ ಆಯೋಗ ರಾಜ್ಯಗಳನ್ನು ಹಂಚುವಾಗ ಬಹುಮಟ್ಟಿಗೆ ಜಿಲ್ಲೆಯನ್ನೇ ಅಳತೆಗೋಲು ಮಾಡಿಕೊಂಡಿತು. ಬಿಜಾಪುರ ಜಿಲ್ಲೆ ಇಡಿಯಾಗಿ ಮೈಸೂರಿಗೆ ಬಂತು, ದಕ್ಷಿಣ ಸಾತಾರ ಇಡಿಯಾಗಿ ಅಲ್ಲೇ ಉಳಿಯಿತು. ಬೆಳಗಾವಿ ಜಿಲ್ಲೆಯಿಂದ ಚಂದಗಡ ತಾಲ್ಲೂಕನ್ನು ಬಿಡಿಸಿ ಮುಂಬಯಿಗೆ ಕೊಟ್ಟ ಆಯೋಗಕ್ಕೆ ಜತ್ತದ ಪೂರ್ವಭಾಗದಲ್ಲಿ ಅಂಥ ಕತ್ತರಿ ಆಡಿಸುವ ಅಗತ್ಯ ಕಾಣಲಿಲ್ಲ. ಉಮದಿ, ಸಂಖ, ತಿಕ್ಕುಂಡಿ, ಉಮರಾಣಿ, ಗುಡ್ಡಾಪುರ, ಮಾಡಗ್ಯಾಳಗಳ ಭಾಗ್ಯ 1949ರ ಆ ಗೆರೆಯಲ್ಲೇ ಬರೆದುಹೋಗಿತ್ತು.

ಆಮೇಲಿನ ಕತೆಯಲ್ಲಿ ಎರಡೂ ರಾಜ್ಯಗಳು ಮರೆಯಬಯಸುವ ಅಧ್ಯಾಯಗಳಿವೆ. ಹಳ್ಳಿಯೇ ಘಟಕ, ಅಲ್ಲಿನ ಬಹುಸಂಖ್ಯಾತರ ಭಾಷೆ, ನೆಲದ ಸಂಲಗ್ನತೆ, ಜನರ ಇಚ್ಛೆ: ಇದು ಮಹಾರಾಷ್ಟ್ರ ಹಿಡಿದುಬಂದ ವಾದ. ಆ ವಾದದ ನ್ಯಾಯಕ್ಕೆ ಕಟ್ಟುಬಿದ್ದೇ ಅದು 814 ಹಳ್ಳಿ ಕೇಳುವಾಗ ಕನ್ನಡ ಮಾತಾಡುವ 260 ಹಳ್ಳಿ ಬಿಟ್ಟುಕೊಡಲು ಸಿದ್ಧವಿರುವುದಾಗಿಯೂ ಹೇಳಿತ್ತು. ಗಡಿ ಪ್ರಶ್ನೆಗಾಗಿ ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟರು ಮಾಡಿದ ಉಪವಾಸದ ಬಳಿಕ 1966ರ ಅಕ್ಟೋಬರ್‌ನಲ್ಲಿ ನೇಮಕಗೊಂಡ ಮೆಹರ್‌ಚಂದ್ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಿತು. 264 ಹಳ್ಳಿ ಮಹಾರಾಷ್ಟ್ರಕ್ಕೆ, 247 ಹಳ್ಳಿ ಮೈಸೂರಿಗೆ, ಬೆಳಗಾವಿ ಇದ್ದಲ್ಲೇ. ಮೈಸೂರಿಗೆ ಬರಬೇಕಾದವುಗಳಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದ ಜೊತೆ ಜತ್ತದ ಹಳ್ಳಿಗಳೂ ಇದ್ದವು. ಬೆಳಗಾವಿ ಸಿಗಲಿಲ್ಲವೆಂದು ಮಹಾರಾಷ್ಟ್ರ ವರದಿಯನ್ನೇ ತಿರಸ್ಕರಿಸಿತು. ಕರ್ನಾಟಕ ಅಂದಿನಿಂದ ‘ಮಹಾಜನ ವರದಿಯೇ ಅಂತಿಮ’ ಎನ್ನುತ್ತಿದೆ. ಹಾಗೆನ್ನುವವರು ಅದೇ ವರದಿಯ ಪ್ರಕಾರ ನಿಪ್ಪಾಣಿಯನ್ನೂ ಖಾನಾಪುರದ ಭಾಗವನ್ನೂ ಬಿಟ್ಟುಕೊಡಬೇಕು ಎಂಬ ಮಾತನ್ನು ಮೆಲ್ಲಗೆ ನುಂಗಿಕೊಳ್ಳುತ್ತಾರೆ.

2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ರಾಜ್ಯದ ಗಡಿ ಬದಲಿಸುವ ಅಧಿಕಾರ ಮೂರನೆಯ ವಿಧಿಯಂತೆ ಸಂಸತ್ತಿನದು, ಕೋರ್ಟಿನದಲ್ಲ ಎಂದು ಕರ್ನಾಟಕ ಆಕ್ಷೇಪ ಎತ್ತಿತು. 2014ರಲ್ಲಿ ಸಾಕ್ಷ್ಯ ದಾಖಲಿಸಲು ಕೋರ್ಟು ಹೈಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮನಮೋಹನ ಸರಿನ್ ಅವರನ್ನು ನೇಮಿಸಿದ್ದೂ ಆಯಿತು. ಇಪ್ಪತ್ತು ವರ್ಷ ದಾಟಿದರೂ ದಾವೆ ಇದೆ, ತೀರ್ಪಿಲ್ಲ.

ಈ ಕೋರ್ಟು ಕಡತಗಳಿಂದ ಎಷ್ಟೋ ದೂರದಲ್ಲಿ, ಬೋರ್ ನದಿಯ ಒಣ ಪಾತ್ರದ ಆಚೀಚೆ, ಜತ್ತದ ಜನ ಬದುಕುತ್ತಾರೆ. ಜೋಳ, ದಾಳಿಂಬೆ, ಕುರಿ. ಮಾಡಗ್ಯಾಳದ ಕುರಿತಳಿಗೆ ದೊಡ್ಡ ಹೆಸರು, ಸಂತೆಯಲ್ಲಿ ಒಳ್ಳೆಯ ಟಗರಿನ ಬೆಲೆ ಕೇಳಿದರೆ ಪರವೂರಿನವರು ಹೌಹಾರುತ್ತಾರೆ. ಮಳೆ ಕೈಕೊಟ್ಟ ವರ್ಷ ಅದೇ ಕುರಿ ಅರ್ಧ ಬೆಲೆಗೆ ಹೋಗುತ್ತದೆ, ದನ ಮೇವಿನ ಶಿಬಿರಕ್ಕೆ, ಗಂಡಹೆಂಡಿರು ಕಬ್ಬು ಕಡಿಯುವ ಗ್ಯಾಂಗಿಗೆ. ಕೊಡಗಳ ಸಾಲು ಟ್ಯಾಂಕರ್ ಬರುವ ರಸ್ತೆಯ ಪಕ್ಕ ರಾತ್ರಿಯೇ ನಿಂತಿರುತ್ತದೆ. 2019ರ ಆಗಸ್ಟ್‌ನಲ್ಲಿ ಕೃಷ್ಣೆಯ ಮಹಾಪೂರಕ್ಕೆ ಸಾಂಗ್ಲಿ ಪಟ್ಟಣ ಮುಳುಗಿದಾಗ ಅದೇ ಜಿಲ್ಲೆಯ ಜತ್ತದಲ್ಲಿ ಟ್ಯಾಂಕರ್ ಓಡುತ್ತಿತ್ತು. ಆಲಮಟ್ಟಿ ಅಣೆಕಟ್ಟು ಎತ್ತರಿಸಿದರೆ ಸಾಂಗ್ಲಿ ಮುಳುಗುತ್ತದೆ ಎಂಬ ಕೂಗು ಮುಂಬೈವರೆಗೆ ಮುಟ್ಟುತ್ತದೆ, ಸಾಂಗ್ಲಿಯ ಪೂರ್ವದ ಅಂಚು ಒಣಗಿದ್ದು ಮುಟ್ಟುವುದಿಲ್ಲ.

2012ರ ಠರಾವು ಹುಟ್ಟಿದ್ದು ಈ ಬಾಯಾರಿಕೆಯಿಂದ. ಅದನ್ನು ಬರೀ ಕನ್ನಡಾಭಿಮಾನದ ಕೂಗೆಂದು ನಮ್ಮ ಕಡೆಯವರು ಓದಿದ್ದು ತಪ್ಪು. ಸಿಟ್ಟಿನಲ್ಲಿ ಆಡಿದ ಮಾತೆಂದು ಅವರ ಕಡೆಯವರು ತಳ್ಳಿದ್ದು ಇನ್ನೂ ದೊಡ್ಡ ತಪ್ಪು. ಅಲ್ಲಿನ ಮನೆಮಾತು ಕನ್ನಡ ಹೌದು. ಗುಡ್ಡಾಪುರದ ದಾನಮ್ಮನ ಛಟ್ಟಿ ಅಮಾವಾಸ್ಯೆ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿಗಳಿಂದ ಜನ ನಡೆದೇ ಬರುತ್ತಾರೆ. ಯಾವ ಕಲ್ಲು ಯಾವ ರಾಜ್ಯದ್ದೆಂದು ಆ ಪಾದಯಾತ್ರಿಗಳು ಲೆಕ್ಕಿಸುವುದಿಲ್ಲ. ಆದರೆ ಜತ್ತ ಪೇಟೆಯಲ್ಲಿ, ಪಶ್ಚಿಮದ ಹಳ್ಳಿಗಳಲ್ಲಿ ಮರಾಠಿಯೇ ಮುಂದು. ಒಂದೇ ಮನೆಯಲ್ಲಿ ಅಜ್ಜಿಗೆ ಕನ್ನಡ, ಮೊಮ್ಮಗನಿಗೆ ಮರಾಠಿ ಹೆಚ್ಚು ಒಗ್ಗಿರುವುದೂ ಉಂಟು. ಅವರ ಹೆಸರಿನಲ್ಲಿ ಇಡೀ ತಾಲ್ಲೂಕು ನಮ್ಮದೆಂದು ಬೆಂಗಳೂರಿನಲ್ಲಿ ಮೈಕು ಹಿಡಿಯುವುದು ಸುಲಭ.

ಹಾಗೆ ಹಿಡಿದದ್ದು 2022ರ ನವೆಂಬರ್‌ನಲ್ಲಿ. ದಾವೆ ಮತ್ತೆ ವಿಚಾರಣೆಗೆ ಬರುವ ಹೊತ್ತಿಗೆ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹತ್ತು ವರ್ಷದ ಹಳೆಯ ಠರಾವನ್ನು ನೆನಪಿಸಿಕೊಂಡು, ಅದನ್ನು ಗಂಭೀರವಾಗಿ ಪರಿಶೀಲಿಸುತ್ತೇವೆ ಎಂದರು. ಮಹಾರಾಷ್ಟ್ರದ ಒಂದು ಹಳ್ಳಿಯೂ ಎಲ್ಲಿಗೂ ಹೋಗದು ಎಂದು ಅಲ್ಲಿನ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ್ ಉತ್ತರ ಕೊಟ್ಟರು. 260 ಹಳ್ಳಿಯ ಮಾತು ಅವರಿಗೆ ಯಾರೂ ನೆನಪಿಸಲಿಲ್ಲ. ಆಮೇಲೆ ನಡೆದದ್ದನ್ನು ಗಮನಿಸಿ. ಹತ್ತು ವರ್ಷ ಅಲುಗದ ಕಡತಗಳು ಹತ್ತೇ ದಿನದಲ್ಲಿ ಓಡತೊಡಗಿದವು. ಜತ್ತದ ವಂಚಿತ 65 ಹಳ್ಳಿಗಳಿಗೆ ನೀರು ಕೊಡುವ ವಿಸ್ತರಿತ ಮ್ಹೈಸಾಳ ಏತ ನೀರಾವರಿಗೆ ಸುಮಾರು 2000 ಕೋಟಿ ರೂಪಾಯಿಯ ಯೋಜನೆ ಮುಂಬೈಯಲ್ಲಿ ಘೋಷಣೆಯಾಯಿತು. ಇತ್ತ ಜಮಖಂಡಿ ತಾಲ್ಲೂಕಿನ ತುಬಚಿಯಿಂದ ಕೃಷ್ಣೆಯ ನೀರೆತ್ತುವ ತುಬಚಿ-ಬಬಲೇಶ್ವರ ಯೋಜನೆಯ ನೀರು ಗಡಿ ದಾಟಿ ತಿಕ್ಕುಂಡಿ ಕೆರೆಗೆ ಹರಿಯಿತು. ಕೆಲವು ಹಳ್ಳಿಗಳಲ್ಲಿ ಕನ್ನಡ ಬಾವುಟ ಹಾರಿತು. ಡಿಸೆಂಬರ್ 6ರಂದು ಹಿರೇಬಾಗೇವಾಡಿಯಲ್ಲಿ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ಬಸ್ಸುಗಳಿಗೆ ಮಸಿ ಬಿತ್ತು. 14ರಂದು ಕೇಂದ್ರ ಗೃಹ ಸಚಿವ ಅಮಿತ್ ಶಾ ಇಬ್ಬರು ಮುಖ್ಯಮಂತ್ರಿಗಳನ್ನೂ ಕೂರಿಸಿ, ತೀರ್ಪು ಬರುವತನಕ ಯಾರೂ ಹಕ್ಕು ಮಂಡಿಸಬಾರದೆಂದು ಹೇಳಿ, ತಲಾ ಮೂವರು ಸಚಿವರ ಸಮಿತಿ ಮಾಡಿದರು. 22ರಂದು ಕರ್ನಾಟಕ, 27ರಂದು ಮಹಾರಾಷ್ಟ್ರ ತಮ್ಮ ತಮ್ಮ ಸದನಗಳಲ್ಲಿ ಸರ್ವಾನುಮತದ ಠರಾವು ಪಾಸು ಮಾಡಿದವು. ಅವರದರಲ್ಲಿ 865 ಹಳ್ಳಿ ತಮಗೆ ಬೇಕು, ನಮ್ಮದರಲ್ಲಿ ಒಂದಿಂಚೂ ಕೊಡೆವು. ಸಚಿವರ ಸಮಿತಿಯ ಹೆಸರು ಆಮೇಲೆ ಪತ್ರಿಕೆಗಳಲ್ಲಿ ಕಾಣುವುದೇ ಅಪರೂಪವಾಯಿತು. 2025ರ ಫೆಬ್ರುವರಿಯಲ್ಲಿ ಬೆಳಗಾವಿ ಸಮೀಪ ಬಸ್ ಕಂಡಕ್ಟರ್ ಮೇಲೆ ಹಲ್ಲೆಯಾಗಿ ಎರಡೂ ಕಡೆಯ ಬಸ್ಸು ನಿಂತಾಗ ದಾರಿಯಲ್ಲಿ ಸಿಕ್ಕಿಬಿದ್ದವರು ಎಂದಿನಂತೆ ಗಡಿಯ ಊರಿನವರೇ.

ನಮ್ಮ ತೀರ್ಮಾನ ಇಷ್ಟು: ಗಡಿ ತಕರಾರು ಎರಡೂ ಸರ್ಕಾರಗಳಿಗೆ ಪುಕ್ಕಟೆ ಸಿಗುತ್ತದೆ. ಕೇಳುವುದಕ್ಕೆ ಖರ್ಚಿಲ್ಲ, ಕೊಡುವುದಿಲ್ಲ ಎನ್ನುವುದಕ್ಕೂ ಖರ್ಚಿಲ್ಲ. ಖರ್ಚು ಬರುವುದು ಕೊಳವೆ ಹಾಕುವುದಕ್ಕೆ, ಮಾಸ್ತರನ್ನು ನೇಮಿಸುವುದಕ್ಕೆ. ಆ ಖರ್ಚನ್ನು ಮುಂದೂಡಲು ‘ಅಂತಿಮ ತೀರ್ಪು ಬರಲಿ’ ಎಂಬ ನೆಪದಷ್ಟು ಅನುಕೂಲದ್ದು ಬೇರೆ ಇಲ್ಲ. ಪಶ್ಚಿಮ ದಂಡೆಯ ಜನ ಇದನ್ನು ಬಂದೂಕಿನ ನೆರಳಿನಲ್ಲಿ ಕಂಡರು. ನಮ್ಮಲ್ಲಿ ಚುನಾಯಿತ ಸರ್ಕಾರಗಳು ಅದನ್ನೇ ನಗುನಗುತ್ತ ಮಾಡುತ್ತಿವೆ.

ಶಾಲೆಯ ವಿಷಯ ನೋಡಿ. ಜತ್ತದಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ಇಂದಿಗೂ ನಡೆಯುತ್ತಿವೆ. ಇದಕ್ಕೆ ಮಹಾರಾಷ್ಟ್ರಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಆದರೆ ಆ ಶಾಲೆಗಳಿಗೆ ಕನ್ನಡವೇ ಬಾರದ ಮರಾಠಿ ಮಾಧ್ಯಮದ ಶಿಕ್ಷಕರನ್ನು ಕಳಿಸಿದ ಬಗ್ಗೆ 2024ರಲ್ಲಿ ಗದ್ದಲವಾಯಿತು. ಮೂರನೆಯ ತರಗತಿಯ ಹುಡುಗಿ ಕಪ್ಪುಹಲಗೆಯ ಮೇಲಿನ ಲೆಕ್ಕವನ್ನು ಮಾಸ್ತರ ಬಾಯಿಯಿಂದ ಒಂದು ಭಾಷೆಯಲ್ಲಿ ಕೇಳಿ, ಪುಸ್ತಕದಲ್ಲಿ ಇನ್ನೊಂದರಲ್ಲಿ ಓದಿ ಬಿಡಿಸಬೇಕು. ಆಕೆ ಹೇಗೋ ಹತ್ತು, ಹನ್ನೆರಡು ಮುಗಿಸಿ ವಿಜಯಪುರದಲ್ಲಿ ಎಂಜಿನಿಯರಿಂಗ್ ಸೀಟು ಬಯಸಿದರೆ ಕರ್ನಾಟಕದ ಸಿಇಟಿ ನಿಯಮದಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವಿದೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳು ಹೆಸರು ಸಮೇತ ಅದರಲ್ಲಿವೆ, ಕಾಸರಗೋಡಿನ ಕಡೆಯವೂ ಇವೆ. ಇದು ನಿಜವಾಗಿ ಒಳ್ಳೆಯ ಕೆಲಸ. ಆದರೆ ಪ್ರಮಾಣಪತ್ರಗಳ ಕಟ್ಟು ಹೊತ್ತು, ಪರೀಕ್ಷಾ ಪ್ರಾಧಿಕಾರ ನಡೆಸುವ ಕನ್ನಡ ಪರೀಕ್ಷೆಯನ್ನೂ ಆಕೆ ಪಾಸಾಗಬೇಕು. ಮಹಾರಾಷ್ಟ್ರದಲ್ಲಿ ಮರಾಠಿ ಕಡ್ಡಾಯವಾಗಿ ಕಲಿತು, ಕರ್ನಾಟಕದಲ್ಲಿ ಕನ್ನಡ ಬರುತ್ತದೆಂದು ತೋರಿಸಿ, ಎರಡೂ ಕಡೆ ಪುರಾವೆ ಒಪ್ಪಿಸುವವಳು ಆಕೆಯೇ.

ನೀರಿನ ದಾರಿ ಇದಕ್ಕಿಂತ ಸರಳ. ಬೇಸಿಗೆಯಲ್ಲಿ ಅಥಣಿ, ಚಿಕ್ಕೋಡಿ, ಜಮಖಂಡಿಗಳಲ್ಲಿ ಕೃಷ್ಣೆ ಬತ್ತುತ್ತದೆ, ಕರ್ನಾಟಕ ಮಹಾರಾಷ್ಟ್ರದ ಕೊಯ್ನಾ ಜಲಾಶಯದಿಂದ ನೀರು ಬಿಡಿರೆಂದು ಪತ್ರ ಬರೆಯುತ್ತದೆ. ಜತ್ತದ ಪೂರ್ವದ ಹಳ್ಳಿಗಳಿಗೆ ಮ್ಹೈಸಾಳದಿಂದ ಎತ್ತಿ ಎತ್ತಿ ಸಾಗಿಸುವುದಕ್ಕಿಂತ ತುಬಚಿ ಕಾಲುವೆಯಿಂದ ಹರಿಸುವುದು ಹತ್ತಿರ. ಹಣ ಬೇಡ, ನೀರಿಗೆ ನೀರು ಎಂಬ ವಿನಿಮಯದ ಮಾತು 2019ರಲ್ಲೇ ಎರಡೂ ಸರ್ಕಾರಗಳ ನಡುವೆ ಬಂದಿತ್ತು: ಬೇಸಿಗೆಯಲ್ಲಿ ನಾಲ್ಕು ಟಿಎಂಸಿಯಷ್ಟು ಅವರು ನದಿಗೆ ಬಿಡುವುದು, ಅದಕ್ಕೆ ಪ್ರತಿಯಾಗಿ ನಾವು ಜತ್ತಕ್ಕೆ ಕೊಡುವುದು. 2022ರಲ್ಲಿ ತಿಕ್ಕುಂಡಿ ಕೆರೆ ತುಂಬಿದಾಗ ಈ ದಾರಿಯಲ್ಲಿ ನೀರು ಹರಿಯುತ್ತದೆಂದು ಕಣ್ಣಾರೆ ಕಂಡದ್ದೂ ಆಯಿತು.

ಹಾಗಾಗಿ ಎರಡೂ ಸರ್ಕಾರಗಳಿಗೆ ನಮ್ಮ ಒತ್ತಾಯ ಇದು. ಗಡಿಯ ದಾವೆ ಕೋರ್ಟಿನಲ್ಲಿ ಎಷ್ಟು ವರ್ಷ ಬೇಕಾದರೂ ನಡೆಯಲಿ, ನೀರನ್ನೂ ಶಾಲೆಯನ್ನೂ ಅದರ ಕಡತದಿಂದ ಹೊರಗೆ ತೆಗೆಯಿರಿ. ಮುಂದಿನ ಬೇಸಿಗೆ ಬರುವ ಮೊದಲು ನೀರಿನ ವಿನಿಮಯಕ್ಕೆ ಲಿಖಿತ ಒಪ್ಪಂದ ಮಾಡಿಕೊಳ್ಳಿ. ಕನ್ನಡ ಶಾಲೆಗಳಿಗೆ ಕನ್ನಡ ಕಲಿತ ಶಿಕ್ಷಕರನ್ನು ಮಹಾರಾಷ್ಟ್ರ ನೇಮಿಸಲಿ, ತರಬೇತಿಯ ಹೊಣೆಯನ್ನು ಕರ್ನಾಟಕದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರಲಿ. ಇವುಗಳಲ್ಲಿ ಒಂದಕ್ಕೂ ಸುಪ್ರೀಂ ಕೋರ್ಟಿನ ಅಪ್ಪಣೆ ಬೇಕಿಲ್ಲ, ಇಬ್ಬರು ನೀರಾವರಿ ಸಚಿವರ ಸಹಿ ಮತ್ತು ಒಂದು ಜಿಲ್ಲಾ ಪರಿಷತ್ತಿನ ನೇಮಕಾತಿ ಆದೇಶ ಸಾಕು.