ಬರಿಗಾಲಿಗೆ ಬೆಲೆ ಕಟ್ಟುವವರು

ಊರಿನಿಂದ ಪುಣೆಗೆ ಬರುವ ನೆಂಟರಿಷ್ಟರು ನನ್ನ ಬೂಟು ನೋಡಿ ಎರಡು ಬಗೆಯ ಮಾತಾಡುತ್ತಾರೆ. ಕೆಲವರು, "ಏನ ಕಾಕಾ, ಆಫೀಸರ್ ಆಗಿದ್ದವ್ರು ನೀವು, ಇದೇನು ಬಾತುಕೋಳಿ ಕಾಲಿನಂಥಾ ಬೂಟು?" ಎಂದು ನಗುತ್ತಾರೆ. ಉಳಿದವರು, "ಇದಕ್ಕ ರೊಕ್ಕ ಯಾಕ ಹಾಕಿದ್ರಿ? ನಮ್ಮ ಹಿರ್ಯಾರು ಬರಿಗಾಲಲೇ ಅಡ್ಡಾಡಿ ಗಟ್ಟಿ ಇದ್ರು. ಬರಿಗಾಲ ನಮ್ಮ ಸಂಸ್ಕೃತಿ" ಎಂದು ಉಪದೇಶ ಮಾಡುತ್ತಾರೆ. ನಗುವವರು ನಗಲಿ. ನನ್ನ ತಕರಾರು ಉಪದೇಶ ಮಾಡುವವರ ಮೇಲೆ.

ಮೊದಲು ಈ ಬೂಟಿನ ವಿಷಯ. ಪೇಟೆಯಲ್ಲಿ ಇದಕ್ಕೆ 'ಬೇರ್‌ಫುಟ್ ಶೂ' ಅನ್ನುತ್ತಾರೆ. ಅಡಿ ತೆಳು, ಹಿಮ್ಮಡಿಯೂ ಮುಂಗಾಲೂ ಒಂದೇ ಮಟ್ಟ, ಬೆರಳು ಹರಡಿಕೊಳ್ಳಲು ಮುಂದೆ ಅಗಲ ಜಾಗ. ನೌಕರಿಯುದ್ದಕ್ಕೂ ಚೂಪು ಮೂತಿಯ ಕರಿ ಬೂಟಿನಲ್ಲಿ ಬೆರಳು ಮಡಚಿಟ್ಟವನಿಗೆ ಇದು ಹಿತವೇ. ತಳಜಾಯಿ ಗುಡ್ಡ ಹತ್ತಲಿಕ್ಕೂ ಭಾಜಿ ತರಲಿಕ್ಕೂ ನನಗೆ ಇದೇ ಬೂಟು. ಅಡಿ ತೆಳುವಿದ್ದರೆ ನೆಲ ತಿಳಿಯುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ಪಾದದ ಸ್ನಾಯುಗಳಿಗೆ ಕೆಲಸ ಸಿಗುತ್ತದೆ. ಅಷ್ಟು ಲಾಭ ಇದೆ. ಅದರಾಚೆಗೆ ಹೇಳುವುದೆಲ್ಲ ವ್ಯಾಪಾರ.

ವ್ಯಾಪಾರ ಅಂದದ್ದು ಸುಮ್ಮನೆ ಅಲ್ಲ. 2010ರಲ್ಲಿ ಹಾರ್ವರ್ಡ್‌ನ ಡೇನಿಯಲ್ ಲೀಬರ್‌ಮನ್ ತಂಡ 'ನೇಚರ್' ಪತ್ರಿಕೆಯಲ್ಲಿ ಒಂದು ಲೇಖನ ಬರೆಯಿತು. ಬರಿಗಾಲಲ್ಲಿ ಓಡುವ ರೂಢಿಯಿದ್ದವರು ಸಾಮಾನ್ಯವಾಗಿ ಮುಂಗಾಲನ್ನು ಮೊದಲು ಊರುತ್ತಾರೆ, ನೆಲದ ಪೆಟ್ಟು ಕಡಿಮೆ ಎಂದು ಅದರ ಸಾರ. ಗಾಯ ಕಡಿಮೆಯಾಗುತ್ತದೆ ಎಂದು ಅದು ಸಾಬೀತು ಮಾಡಿರಲಿಲ್ಲ. ಬೆರಳಿಗೊಂದು ಗೂಡಿರುವ 'ಫೈವ್‌ಫಿಂಗರ್ಸ್' ಬೂಟಿನ ವಿಬ್ರಮ್ ಕಂಪನಿ ಮಾತ್ರ ಆರೋಗ್ಯದ ಹೆಸರಿನಲ್ಲಿ ಮಾಲು ಮಾರಿತು. ಆಧಾರವಿಲ್ಲದ ಹೇಳಿಕೆಯೆಂದು ಅಮೆರಿಕದಲ್ಲಿ ಗಿರಾಕಿಗಳು ದಾವೆ ಹೂಡಿದರು. 2014ರಲ್ಲಿ ಕಂಪನಿ ತಪ್ಪೊಪ್ಪಿಕೊಳ್ಳದೆ 37.5 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು. ಅದಕ್ಕೂ ಮೊದಲು, 2013ರಲ್ಲಿ, ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದವರು ರೂಢಿಯ ಬೂಟಿನಿಂದ ಇದಕ್ಕೆ ಬದಲಾಗುತ್ತಿದ್ದ 19 ಓಟಗಾರರನ್ನು 10 ವಾರ ಗಮನಿಸಿದ್ದರು. 10 ಮಂದಿಯ ಪಾದದ ಎಲುಬಿನ ಮಜ್ಜೆಯಲ್ಲಿ ಬಾವು ಹೆಚ್ಚಿತ್ತು. ಹಾಕಿಕೊಳ್ಳುವವರು ದಿನಕ್ಕೆ ಹತ್ತು ನಿಮಿಷದಿಂದ ಶುರು ಮಾಡಿ, ತಿಂಗಳುಗಟ್ಟಲೆ ನಿಧಾನವಾಗಿ ಏರಿಸಬೇಕು.

ಸಂಸ್ಕೃತಿಯವರು ಆಗ ಅಬೆಬೆ ಬಿಕಿಲನನ್ನು ಕರೆತರುತ್ತಾರೆ. ಇಥಿಯೋಪಿಯಾದ ಆತ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಬರಿಗಾಲಲ್ಲಿ ಗೆದ್ದ, ನಿಜ. 2 ಗಂಟೆ 15 ನಿಮಿಷ 16 ಸೆಕೆಂಡು. ಆದರೆ 1964ರ ಟೋಕಿಯೋದಲ್ಲಿ ಅದೇ ಬಿಕಿಲ ಬೂಟು ಹಾಕಿ ಓಡಿ 2 ಗಂಟೆ 12 ನಿಮಿಷ 11 ಸೆಕೆಂಡಿನಲ್ಲಿ ಮತ್ತೆ ಗೆದ್ದ. ಮೂರು ನಿಮಿಷ ಬೇಗ! ಈ ಅರ್ಧ ಕಥೆ ಯಾರೂ ಹೇಳುವುದಿಲ್ಲ. ಜಮಾ ಬರೆದು ಖರ್ಚು ಬಿಟ್ಟ ಲೆಕ್ಕವನ್ನು ನಮ್ಮ ಬ್ಯಾಂಕಿನಲ್ಲಿ ಯಾರೂ ಪಾಸು ಮಾಡುತ್ತಿರಲಿಲ್ಲ. 2009ರ 'ಬಾರ್ನ್ ಟು ರನ್' ಪುಸ್ತಕದಿಂದ ಹೆಸರಾದ ಮೆಕ್ಸಿಕೋದ ತರಾಹುಮಾರಾ ಜನ ಕೂಡ ಗುಡ್ಡಗಾಡಿನಲ್ಲಿ ಓಡುವುದು ಹಳೆ ಟೈರು ಕೊಯ್ದು ಮಾಡಿದ ಚಪ್ಪಲಿ ಹಾಕಿಕೊಂಡು. ನಮ್ಮ ಹೊಲದ ಆಳುಗಳು ಹಾಕುತ್ತಿದ್ದ ಟೈರ್ ಚಪ್ಪಲಿಯ ಬಂಧು ಅದು.

ಇನ್ನು ನಮ್ಮ ಹಿರಿಯರು. ಅವರು ಬರಿಗಾಲಲ್ಲಿ ಇದ್ದದ್ದು ಆರೋಗ್ಯ ಬೇಕೆಂದು ಅಲ್ಲ, ಹೆಚ್ಚಿನವರಿಗೆ ಮೆಟ್ಟು ಕೊಳ್ಳಲು ದುಡ್ಡಿರಲಿಲ್ಲ. ಜಾಲಿ ಮುಳ್ಳು, ಆಣಿ, ಒಡೆದ ಹಿಮ್ಮಡಿ ಅವರ ಪಾಲು. ಮಣ್ಣಿನಿಂದ ಕೊಕ್ಕೆಹುಳು ಮೈಯೊಳಗೆ ಹೋಗುವುದು ಬರಿಗಾಲ ಮೂಲಕವೇ. ಇದಕ್ಕಿಂತ ಕಹಿ ಮಾತೊಂದಿದೆ. ಮೇಲ್ಜಾತಿಯವರ ಓಣಿಯಲ್ಲಿ ದಲಿತರು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆಯಬೇಕಿತ್ತು. ನಾನು ಅಥಣಿ ಕಡೆಯ ಶಾಖೆಯಲ್ಲಿದ್ದಾಗ ಸಾಲದ ಅರ್ಜಿ ಹಿಡಿದು ಬರುತ್ತಿದ್ದ ಚಪ್ಪಲಿ ಕಸುಬಿನವರಲ್ಲಿ ಹಲವರು, ತಾವೇ ಹೊಲಿದ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಬ್ಯಾಂಕಿನಲ್ಲಿ ಅಂಥ ನಿಯಮ ಇರಲಿಲ್ಲ. ಓಣಿ ಕಲಿಸಿದ ನಿಯಮ ಅದು. ಈ ಬರಿಗಾಲಿಗೆ ಸಂಸ್ಕೃತಿ ಅಂತ ಹೆಸರಿಡುವವರಿಗೆ ನಾಚಿಕೆ ಬೇಡವೇ?

ಈ ಉಪದೇಶದಿಂದ ಇವತ್ತಿಗೂ ಅಪಾಯ ಇದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಕಲ್ಲು ಚುಚ್ಚಿದ್ದೂ ತಿಳಿಯುವುದಿಲ್ಲ. ಚಿಕ್ಕ ಗಾಯ ಹುಣ್ಣಾಗಿ ಬೆರಳು ಕತ್ತರಿಸುವ ತನಕ ಹೋಗುತ್ತದೆ. ಅಂಥವರಿಗೆ ಬರಿಗಾಲೂ ಬೇಡ, ನನ್ನ ತೆಳು ಬೂಟೂ ಬೇಡ. ಡಾಕ್ಟರು ಹೇಳುವ ಮೆತ್ತನೆಯ ಎಂ.ಸಿ.ಆರ್. ಚಪ್ಪಲಿ ಬೇಕು. ಬೆಳಿಗ್ಗೆ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಶುಗರ್ ಇಳಿಯುತ್ತದೆಂದು ಊರಿನಲ್ಲಿ ಹೇಳಿಕೊಂಡು ತಿರುಗುವವರು ದಯವಿಟ್ಟು ಇದನ್ನು ಓದಲಿ.

ಆರೋಗ್ಯವಂತರು ಅಗಲ, ಮಟ್ಟಸ, ತೆಳು ಮೆಟ್ಟು ಹಾಕಲಿ. ಅದಕ್ಕೆ ಪರದೇಶದ ಮಾಲಿಗೆ ಹತ್ತು ಸಾವಿರ ಸುರಿಯಬೇಕಾಗಿಲ್ಲ. ಇಲ್ಲಿ ಲಕ್ಷ್ಮೀ ರಸ್ತೆಯಲ್ಲಿ ಕೊಲ್ಹಾಪುರಿ ಅಂತ ಮಾರುವ ಚಪ್ಪಲಿಗಳಲ್ಲಿ ನಮ್ಮ ಅಥಣಿ, ನಿಪ್ಪಾಣಿ ಕಡೆಯ ಕೈಗಳು ಹೊಲಿದವೂ ಇವೆ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರವೂ ಸೇರಿವೆ. ಆ ಚಪ್ಪಲಿ ಓಡಲಿಕ್ಕೆ ಬಾರದು, ನಡೆಯಲಿಕ್ಕೆ ಸಾಕು. ಕೆಲವು ದಿನ ಕಚ್ಚಿದರೂ ಆಮೇಲೆ ತೊಗಲು ಪಾದದ ಆಕಾರಕ್ಕೆ ಬರುತ್ತದೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಅಂಥದೇ ಚಪ್ಪಲಿ ತೋರಿಸಿ, ಗದ್ದಲವಾದ ಮೇಲೆ ಭಾರತದ ಕುಶಲಕರ್ಮಿಗಳಿಂದ ಪ್ರೇರಣೆ ಪಡೆದದ್ದೆಂದು ಒಪ್ಪಿತು. ಮಿಲಾನ್‌ಗೆ ಕಂಡದ್ದು ನಮಗೆ ಕಾಣದೇ?

ಬರಿಗಾಲನ್ನು ಹೊಗಳುವ ಮೊದಲು, ಬರಿಗಾಲಲ್ಲೇ ಬೆಳೆದ ಹಿರಿಯರು ನಿಮ್ಮ ಊರಲ್ಲಿ ಇನ್ನೂ ಇದ್ದರೆ ಹೋಗಿ ಕೇಳಿರಿ: ಆಗ ಒಂದು ಜೊತೆ ಚಪ್ಪಲಿ ಸಿಕ್ಕಿದ್ದರೆ, ಹಾಕಿಕೊಳ್ಳಲು ಬಿಟ್ಟಿದ್ದರೆ, ಬೇಡ ಅನ್ನುತ್ತಿದ್ದರೇನು?