ಎಮಿಷನ್ ಟೆಸ್ಟ್ ಪಾಸ್, ಲಾರಿ ಫೇಲ್: ಬಿಎಸ್‌-6 ಪಾರ್ಟ್ಸ್ ಬಿಲ್ ಕಟ್ಟೋರು ಯಾರು?

ಮೈಸೂರು ರಸ್ತೆಯಲ್ಲೋ ಮಾಗಡಿ ರಸ್ತೆಯಲ್ಲೋ ಲೋಡ್ ಹೊತ್ತು ಬರುವ ಬಿಎಸ್‌-6 ಲಾರಿಯ ಮೀಟರ್ ಬೋರ್ಡಿನಲ್ಲಿ ಎಮಿಷನ್ ಲೈಟ್ ಹತ್ತಿಕೊಂಡರೆ ಡ್ರೈವರ್‌ಗೆ ಅರ್ಥ ಆಗಿಬಿಡುತ್ತೆ, ಸೈಲೆನ್ಸರ್ ಕಡೆ ಏನೋ ಕೈಕೊಟ್ಟಿದೆ. ಹಾಗೇ ಬಿಟ್ಟು ಓಡಿಸಿದರೆ ಗಾಡಿ ತಾನೇ ಪಿಕಪ್ ಕಡಿಮೆ ಮಾಡಿಕೊಳ್ಳುತ್ತೆ. ಆಮೇಲೆ ನಾಯಂಡಹಳ್ಳಿ ಫ್ಲೈಓವರ್ ಹತ್ತೋದೂ ಕಷ್ಟ. ಮಾಲೀಕನ ಮುಂದೆ ಉಳಿಯೋದು ಎರಡೇ ದಾರಿ. ಒಂದು, ಸರಿಯಾದ ಪಾರ್ಟ್ ಹಾಕಿಸುವುದು. ಇನ್ನೊಂದು, ‘ಬೈಪಾಸ್’ ಮಾಡಿಸುವುದು.

ಎರಡನೇ ದಾರಿ ಕಾನೂನಿಗೆ ವಿರುದ್ಧ. ಆದರೂ ಅದು ಯಾಕೆ ಇಷ್ಟು ಸುಲಭ, ಮೊದಲನೆಯದು ಯಾಕೆ ಇಷ್ಟು ದುಬಾರಿ ಅನ್ನೋದೇ ಈಗಿನ ಪ್ರಶ್ನೆ.

ಸೈಲೆನ್ಸರ್ ಈಗ ಬರೀ ಸೈಲೆನ್ಸರ್ ಅಲ್ಲ

ದೇಶದಾದ್ಯಂತ ಬಿಎಸ್‌-4 ನಿಯಮ ಬಂದಿದ್ದು 2017ರ ಏಪ್ರಿಲ್ 1ರಂದು. ಮೂರೇ ವರ್ಷಕ್ಕೆ, ಬಿಎಸ್‌-5 ಅನ್ನೋ ಮೆಟ್ಟಿಲನ್ನೇ ಬಿಟ್ಟು, 2020ರ ಏಪ್ರಿಲ್ 1ರಿಂದ ಬಿಎಸ್‌-6 ಕಡ್ಡಾಯವಾಯಿತು. ಡೀಸೆಲ್‌ನಲ್ಲಿದ್ದ ಗಂಧಕದ ಮಿತಿ 50 ಪಿಪಿಎಂನಿಂದ 10 ಪಿಪಿಎಂಗೆ ಇಳಿಯಿತು. ಭಾರಿ ಲಾರಿಗಳು ಬಿಡಬಹುದಾದ ಸಾರಜನಕದ ಆಕ್ಸೈಡ್, ಅಂದರೆ ನಾಕ್ಸ್, ಪ್ರತಿ ಕಿಲೋವ್ಯಾಟ್-ಗಂಟೆಗೆ 3.5 ಗ್ರಾಂ ಇದ್ದದ್ದು ಅರ್ಧ ಗ್ರಾಂಗಿಂತ ಕೆಳಗೆ ಬಂತು.

ಇಷ್ಟು ಇಳಿಸಲು ಕಂಪನಿಗಳು ಲಾರಿಯ ಸೈಲೆನ್ಸರ್ ಜಾಗದಲ್ಲಿ ಒಂದು ಚಿಕ್ಕ ಫ್ಯಾಕ್ಟರಿಯನ್ನೇ ಕೂರಿಸಿವೆ. ಮಸಿಯನ್ನು ಹಿಡಿದಿಟ್ಟು ಸುಡುವ ಫಿಲ್ಟರ್ ಡಿಪಿಎಫ್. ನಾಕ್ಸ್ ಅನ್ನು ಸಾರಜನಕ ಮತ್ತು ನೀರಿನ ಆವಿಯಾಗಿ ಬದಲಿಸುವುದು ಎಸ್‌ಸಿಆರ್. ಅದಕ್ಕೆ ಬೇಕಾದ ದ್ರವಕ್ಕೆ ಡಿಇಎಫ್ ಅನ್ನೋ ಹೆಸರಿದ್ದರೂ ಡ್ರೈವರ್‌ಗಳ ಬಾಯಲ್ಲಿ ಅದು ‘ಯೂರಿಯಾ’. ಶೇ 32.5ರಷ್ಟು ಶುದ್ಧ ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಇವುಗಳ ಜೊತೆಗೆ ನಾಕ್ಸ್ ಸೆನ್ಸರ್, ಯೂರಿಯಾ ಪಂಪ್, ಇಂಜೆಕ್ಟರ್, ಎಲ್ಲವನ್ನೂ ನೋಡಿಕೊಳ್ಳುವ ಕಂಪ್ಯೂಟರ್. ಚಿಕ್ಕ ಗೂಡ್ಸ್ ಗಾಡಿಗಳಲ್ಲಿ ಎಲ್ಲದಕ್ಕೂ ಯೂರಿಯಾ ಟ್ಯಾಂಕ್ ಇರಲ್ಲ. ದೊಡ್ಡ ಲಾರಿಗಳಲ್ಲಿ ಮಾಮೂಲಿ.

ಈಗಲೇ ಯಾಕೆ ತಲೆನೋವು?

2020ರಲ್ಲಿ ರಸ್ತೆಗಿಳಿದ ಮೊದಲ ಬಿಎಸ್‌-6 ಲಾರಿಗಳಿಗೆ ಐದು ವರ್ಷ ದಾಟಿದೆ. ಬಹಳಷ್ಟಕ್ಕೆ ಕಂಪನಿ ವಾರಂಟಿ ಮುಗಿದಿದೆ. ಫ್ಲೀಟ್ ಇಟ್ಟುಕೊಂಡ ದೊಡ್ಡವರು ಮಾರಿದ ಗಾಡಿಗಳು ಈಗ ಒಂದೇ ಲಾರಿ ನಂಬಿಕೊಂಡ ಓನರ್-ಕಂ-ಡ್ರೈವರ್‌ಗಳ ಕೈಗೆ ಬರುತ್ತಿವೆ. ಅಂದರೆ ಪಾರ್ಟ್ಸ್ ಹೋಗುವ ವಯಸ್ಸಿಗೂ, ದುಡ್ಡು ಕಡಿಮೆ ಇರುವ ಮಾಲೀಕನ ಕೈಗೆ ಗಾಡಿ ಬರುವ ಸಮಯಕ್ಕೂ ಸರಿಹೋಗಿದೆ.

ಇದಕ್ಕೆ ಊರೊಳಗಿನ ಓಡಾಟವೂ ಸೇರಿಕೊಳ್ಳುತ್ತೆ. ಡಿಪಿಎಫ್‌ನಲ್ಲಿ ಸೇರಿದ ಮಸಿ ಸುಡಬೇಕಾದರೆ ಒಳಗೆ ಸುಮಾರು 600 ಡಿಗ್ರಿ ಕಾವು ಬೇಕು. ಹೈವೇಯಲ್ಲಿ ಒಂದೇ ಸಮ ಓಡುವ ಲಾರಿಗೆ ಅದು ಕಷ್ಟವಲ್ಲ. ಯಶವಂತಪುರ ಎಪಿಎಂಸಿ ಯಾರ್ಡ್‌ನಿಂದ ಹೊರಟು ಗೊರಗುಂಟೆಪಾಳ್ಯ, ಸುಮನಹಳ್ಳಿ, ನಾಯಂಡಹಳ್ಳಿ ಅಂತ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಗಾಡಿಗೆ ಆ ಕಾವು ಬರೋದೇ ಅಪರೂಪ. ಹಾಗಾಗಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತೆ.

ಒಂದು ನಾಕ್ಸ್ ಸೆನ್ಸರ್ ಹೋದರೆ ಹತ್ತಾರು ಸಾವಿರ. ದೊಡ್ಡ ಲಾರಿಯ ಪೂರ್ತಿ ಸೆಟ್ ಬದಲಿಸಬೇಕಾದರೆ ಮಾತು ಲಕ್ಷದ ಲೆಕ್ಕಕ್ಕೆ ಹೋಗುತ್ತೆ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದ್ದು ಸ್ವಲ್ಪ ಉಸಿರಾಡುವಂತೆ ಮಾಡಿದೆ. ಆದರೆ ಅದೇ ವರ್ಷದ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತ್ತು. ಏಪ್ರಿಲ್ ಮಧ್ಯದಲ್ಲಿ ಲಾರಿ ಮುಷ್ಕರ ನಡೆದದ್ದು ಅಂಗಡಿಯವರಿಗೆ ಮರೆತಿರಲಿಕ್ಕಿಲ್ಲ. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಂಡ ಲೆಕ್ಕ.

ದಂಡ ಸಾವಿರದಲ್ಲಿ, ಪಾರ್ಟ್ ಲಕ್ಷದಲ್ಲಿ

ಬೈಪಾಸ್ ಅಂದರೆ ಏನು? ಡಿಪಿಎಫ್ ಒಳಗಿನ ಜಾಲರಿ ಒಡೆದು ತೆಗೆಯುವುದು, ಯೂರಿಯಾ ಪಂಪ್ ನಿಲ್ಲಿಸುವುದು, ಎಲ್ಲ ಸರಿಯಾಗಿದೆ ಅಂತ ಕಂಪ್ಯೂಟರ್‌ಗೆ ಸುಳ್ಳು ಹೇಳುವ ಚಿಕ್ಕ ಡಬ್ಬಿ ಕೂರಿಸುವುದು. ಇದು ಬೆಂಗಳೂರಿನ ಕಥೆ ಮಾತ್ರ ಅಲ್ಲ. ಯುರೋಪ್, ಅಮೆರಿಕದಲ್ಲೂ ಹಿಡಿದಿದ್ದಾರೆ.

ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52, ಕಂಪನಿ ಕೊಟ್ಟ ರೂಪವನ್ನು ಮನಸೋಇಚ್ಛೆ ಬದಲಿಸಬಾರದು ಅನ್ನುತ್ತೆ. 2019ರ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಹಾಗೆ ಬದಲಿಸಿದ ಮಾಲೀಕನಿಗೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಾಲಿನ್ಯ ಮಿತಿ ಮೀರಿದರೆ ಸೆಕ್ಷನ್ 190(2)ರ ಅಡಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು. ಕಾಗದದ ಮೇಲೆ ಕಠಿಣವೇ. ಆದರೆ ಲಕ್ಷದ ಪಾರ್ಟ್ ಮುಂದೆ ಸಾವಿರದ ದಂಡ ಇಟ್ಟರೆ, ಅದೂ ಸಿಕ್ಕಿಬಿದ್ದರೆ ಮಾತ್ರ ಅಂದರೆ, ಇಎಂಐ ಕಟ್ಟೋನ ಮನಸ್ಸು ಯಾವ ಕಡೆ ವಾಲುತ್ತೆ ಅಂತ ಹೇಳಬೇಕಿಲ್ಲ.

ಎರಡು ಯಂತ್ರ, ಎರಡು ಲೆಕ್ಕ

ಸಿಕ್ಕಿಬೀಳೋ ಸಾಧ್ಯತೆ ಎಷ್ಟು? ಇಲ್ಲೇ ಇರೋದು ತೂತು. ಪೆಟ್ರೋಲ್ ಬಂಕ್ ಪಕ್ಕದ ಎಮಿಷನ್ ಸೆಂಟರ್‌ನಲ್ಲಿ ಡೀಸೆಲ್ ಗಾಡಿಗೆ ಮಾಡೋದು ಹೊಗೆ ಪರೀಕ್ಷೆ. ನಿಂತಲ್ಲೇ ಆಕ್ಸಿಲರೇಟರ್ ಒತ್ತಿ, ಹೊಗೆ ಎಷ್ಟು ದಟ್ಟವಾಗಿದೆ ಅಂತ ಬೆಳಕು ಹಾಯಿಸಿ ನೋಡುತ್ತಾರೆ. ನಾಕ್ಸ್ ಅಳೆಯೋದೇ ಇಲ್ಲ. ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಆ ಗ್ಯಾಸ್ ಎಷ್ಟೇ ಬಂದರೂ, ಹೊಗೆ ಮಿತಿಯೊಳಗಿದ್ದರೆ ಗಾಡಿ ಪಾಸ್. ಬಿಎಸ್‌-4 ನಂತರದ ಗಾಡಿಗೆ ಆ ಸರ್ಟಿಫಿಕೇಟ್ ಒಂದು ವರ್ಷ ನಡೆಯುತ್ತೆ.

ಅದೇ ಬಸವೇಶ್ವರನಗರದ ಪಕ್ಕದ ಸಾಣೆಗುರುವನಹಳ್ಳಿಯಲ್ಲಿ, ಮೈಸೂರು ರಸ್ತೆಯ ಬಾಪೂಜಿನಗರದಲ್ಲಿ, ಪೀಣ್ಯದಲ್ಲಿ ಗಾಳಿ ಅಳೆಯುವ ಕೇಂದ್ರಗಳಿವೆ. ಅವು ದೂಳಿನ ಜೊತೆ ನೈಟ್ರೋಜನ್ ಡೈಆಕ್ಸೈಡ್ ಕೂಡ ಅಳೆಯುತ್ತವೆ. ವರ್ಷದ ಸರಾಸರಿಗೆ ನಮ್ಮ ದೇಶದ ಮಿತಿ ಘನ ಮೀಟರ್‌ಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 10. ಗಾಳಿಯಲ್ಲಿ ಯಾವುದನ್ನು ಅಳೆದು ಚಿಂತೆ ಮಾಡುತ್ತೇವೋ, ಲಾರಿಯ ಬಾಲದಲ್ಲಿ ಅದನ್ನೇ ಅಳೆಯುತ್ತಿಲ್ಲ. ಆ ಗ್ಯಾಸ್ ಅಸ್ತಮಾ ಇರುವ ಮಕ್ಕಳಿಗೆ ಕೆಟ್ಟದ್ದು. ರಸ್ತೆಗೆ ಮುಖ ಮಾಡಿ ದಿನಕ್ಕೆ ಹನ್ನೆರಡು ಗಂಟೆ ಗಲ್ಲಾದಲ್ಲಿ ಕೂರುವ ಅಂಗಡಿಯವರ ಶ್ವಾಸಕೋಶಕ್ಕೂ ಒಳ್ಳೆಯದಲ್ಲ.

ಬೇರೆಯವರು ಏನು ಮಾಡ್ತಿದ್ದಾರೆ?

ದೆಹಲಿ ಹೆಸರು ನೋಡಿ ಬಾಗಿಲು ಹಾಕುತ್ತಿದೆ. 2025ರ ನವೆಂಬರ್ 1ರಿಂದ ಹೊರಗಿನ ನೋಂದಣಿಯ ಬಿಎಸ್‌-3 ಮತ್ತು ಅದಕ್ಕಿಂತ ಹಳೆಯ ಸರಕು ವಾಹನಗಳಿಗೆ ಪ್ರವೇಶ ಇಲ್ಲ. ಬಿಎಸ್‌-4ಕ್ಕೆ 2026ರ ಅಕ್ಟೋಬರ್ 31ರವರೆಗೆ ಗಡುವು. ಆದರೆ ಫಿಲ್ಟರ್ ಕಿತ್ತ ಬಿಎಸ್‌-6 ಲಾರಿ ಆರ್‌ಸಿಯಲ್ಲಿ ಬಿಎಸ್‌-6ಆಗಿಯೇ ಇರುತ್ತೆ, ಸಲೀಸಾಗಿ ಒಳಗೆ ಹೋಗುತ್ತೆ.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ದಾರಿ ಬೇರೆ. ಅಲ್ಲಿ 2024ರ ಅಕ್ಟೋಬರ್‌ನಿಂದ ಭಾರಿ ಲಾರಿಗಳು ವರ್ಷಕ್ಕೆ ಎರಡು ಸಲ ಪರೀಕ್ಷೆ ಕೊಡಬೇಕು. ಹೊಸ ಎಂಜಿನ್‌ಗಳಿಗೆ ಹೊಗೆ ನೋಡುವ ಬದಲು, ಗಾಡಿಯ ಕಂಪ್ಯೂಟರ್‌ಗೆ ಸ್ಕ್ಯಾನರ್ ಚುಚ್ಚಿ ಯಾವ ಪಾರ್ಟ್ ಕೆಲಸ ಮಾಡ್ತಿದೆ, ಯಾವುದು ಇಲ್ಲ ಅಂತ ಓದುತ್ತಾರೆ. ನಮ್ಮ ಬಿಎಸ್‌-6 ಲಾರಿಗಳಲ್ಲೂ ಆ ಕಿಂಡಿ ಇದೆ. ರಾಜಾಜಿನಗರ, ಜ್ಞಾನಭಾರತಿ ಆರ್‌ಟಿಒ ವ್ಯಾಪ್ತಿಯ ಲಾರಿಗಳಿಗೆ ಎಫ್‌ಸಿ ಸಮಯದಲ್ಲೇ ಇಂಥ ಓದು ಮಾಡಬಹುದು. ಎಂಟು ವರ್ಷದವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಸುಳ್ಳು ಡಬ್ಬಿ ಕೂರಿಸಿದವರು ಸ್ಕ್ಯಾನರ್‌ಗೂ ಮಂಕುಬೂದಿ ಎರಚಬಹುದು. ಅದಕ್ಕೇ ಕೆಳಗೆ ಬಗ್ಗಿ ನೋಡುವ ಕಣ್ಣೂ ಬೇಕು.

ಆದರೆ ಪರೀಕ್ಷೆ ಮಾತ್ರ ಬಿಗಿ ಮಾಡಿದರೆ ಏಟು ಬೀಳೋದು ಒಂಟಿ ಲಾರಿ ಮಾಲೀಕನಿಗೆ. ಅವನ ಗಾಡಿ ನಿಂತರೆ ಬಾಡಿಗೆ ಏರುತ್ತೆ, ಅದು ವಿಜಯನಗರದ ದಿನಸಿ ಅಂಗಡಿ ಬಿಲ್ಲಿಗೆ ಬರುತ್ತೆ. ಏರಿಸಿದ ಡೀಸೆಲ್ ತೆರಿಗೆಯಲ್ಲಿ ಒಂದು ಪಾಲನ್ನು ಇಂಥವರ ಪಾರ್ಟ್ಸ್ ಸಾಲದ ಬಡ್ಡಿಗೆ ಕೊಟ್ಟರೆ ಬಿಗಿ ನಿಯಮಕ್ಕೂ ಒಂದು ನ್ಯಾಯ ಇರುತ್ತೆ.

ಅಲ್ಲಿವರೆಗೆ ಮಾಲೀಕರು ಮಾಡಬಹುದಾದ್ದು

ಸೆಕೆಂಡ್ ಹ್ಯಾಂಡ್ ಬಿಎಸ್‌-6 ಲಾರಿ ಕೊಳ್ಳುವ ಮೊದಲು ಸ್ಕ್ಯಾನ್ ಮಾಡಿಸಿ, ಯೂರಿಯಾ ನಿಜವಾಗಿ ಖರ್ಚಾಗ್ತಿದೆಯಾ ನೋಡಿ. ಸಾಮಾನ್ಯವಾಗಿ 100 ಲೀಟರ್ ಡೀಸೆಲ್‌ಗೆ ಮೂರರಿಂದ ಆರು ಲೀಟರ್ ಹೋಗಬೇಕು. ಒಂದು ಹನಿಯೂ ಇಳಿಯದಿದ್ದರೆ ಯಾರೋ ಕೈಯಾಡಿಸಿದ್ದಾರೆ, ಆ ಖರ್ಚು ನಿಮ್ಮ ತಲೆಗೆ ಬರುತ್ತೆ. ಗೊಬ್ಬರದ ಯೂರಿಯಾ ನೀರಿಗೆ ಕದಡಿ ಹಾಕಬೇಡಿ, ಇಂಜೆಕ್ಟರ್ ಕಟ್ಟಿಕೊಳ್ಳುತ್ತೆ. ಡಿಪಿಎಫ್ ಕ್ಲೀನಿಂಗ್ ಸೂಚನೆ ಬಂದಾಗ ನಡುವೆ ಎಂಜಿನ್ ಆಫ್ ಮಾಡಬೇಡಿ. ಕಟ್ಟಿಕೊಂಡ ಡಿಪಿಎಫ್ ಎಲ್ಲವನ್ನೂ ಬದಲಿಸಬೇಕಿಲ್ಲ, ಹಲವನ್ನು ಬಿಚ್ಚಿ ಬೂದಿ ತೆಗೆದು ಮತ್ತೆ ಹಾಕಬಹುದು. ಹೊಸದಕ್ಕೆ ಬಿಲ್ ಹಾಕಿಸುವ ಮೊದಲು ಆ ಮಾತು ಕೇಳಿ.

2020ರ ಲಾರಿಗಳಿಗೆ 2028ರಲ್ಲಿ ಎಂಟು ವರ್ಷ ತುಂಬಿ ಪ್ರತಿ ವರ್ಷದ ಎಫ್‌ಸಿ ಶುರುವಾಗುತ್ತೆ. ಪರೀಕ್ಷೆಯನ್ನೂ ಸಾಲದ ವ್ಯವಸ್ಥೆಯನ್ನೂ ಸರಿಮಾಡಿಕೊಳ್ಳಲು ಸರ್ಕಾರಕ್ಕೆ ಉಳಿದಿರೋದು ಅಷ್ಟೇ ಸಮಯ.